ಅಪಾಯಿಂಟ್‌ಮೆಂಟ್ ಇದ್ದೂ ಬಾರದ ರೋಗಿಗಳು: ಒಪಿಡಿ ನಡೆಸುವವರಿಗೆ ಒಂದು ಮಾರ್ಗದರ್ಶಿ

ಒಪಿಡಿ ಮುಗಿಯುವ ಹೊತ್ತಿಗೆ ಪಟ್ಟಿಯಲ್ಲಿ ಕೆಲವು ಹೆಸರುಗಳ ಮುಂದೆ ‘ಬಂದಿಲ್ಲ’ ಅಂತ ಬರೆದಿರುತ್ತದೆ. ಎಷ್ಟೋ ಕಡೆ ಆ ಹೆಸರುಗಳ ವಿಚಾರ ಅಲ್ಲಿಗೇ ಮುಗಿಯುತ್ತದೆ. ಇಲ್ಲವೇ ಕಂಪ್ಯೂಟರ್ ತಾನಾಗಿಯೇ ಇನ್ನೊಂದು ದಿನಾಂಕ ಕೊಟ್ಟು ಕಾಗದ ಕಳಿಸುತ್ತದೆ. ಎರಡೂ ಸರಿಯಲ್ಲ. ಒಬ್ಬ ರೋಗಿ ಬಾರದಿದ್ದರೆ ಆಗುವ ನಷ್ಟ ಎರಡು. ಆ ಸಮಯ ಇನ್ನೊಬ್ಬರಿಗೆ ಸಿಗದೆ ಹೋಯಿತು, ಇದು ಒಂದು. ನೋಡಲೇಬೇಕಾಗಿದ್ದ ಒಬ್ಬರನ್ನು ಯಾರೂ ನೋಡಲಿಲ್ಲ, ಇದು ಇನ್ನೊಂದು. ಆಡಳಿತದವರ ಗಮನ ಸಾಮಾನ್ಯವಾಗಿ ಮೊದಲನೆಯದರ ಮೇಲಿರುತ್ತದೆ. ನನ್ನ ಪ್ರಕಾರ ಎರಡನೆಯದೇ ದೊಡ್ಡದು. ಅದಕ್ಕೇ ಈ ಮಾರ್ಗದರ್ಶಿ ಅಲ್ಲಿಂದಲೇ ಶುರುವಾಗುತ್ತದೆ.

ಈ ಸಮಸ್ಯೆ ಇಲ್ಲದ ದೇಶವಿಲ್ಲ. ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ, 2018ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಲ್ಲಿ ಬಾರದವರ ಸರಾಸರಿ ಪ್ರಮಾಣ ಶೇ. 23 ಇತ್ತು. ಆಫ್ರಿಕಾದ ಅಧ್ಯಯನಗಳಲ್ಲಿ ಅದು ಶೇ. 43, ಓಷಿಯಾನಿಯಾದಲ್ಲಿ (ಆಸ್ಟ್ರೇಲಿಯಾ ಮತ್ತು ಸುತ್ತಲಿನ ದ್ವೀಪಗಳು) ಸುಮಾರು ಶೇ. 13. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ 2022-23ರ ಒಂದೇ ವರ್ಷ ತಪ್ಪಿಹೋದ ಹೊರರೋಗಿ ಭೇಟಿಗಳು ಸುಮಾರು 80 ಲಕ್ಷ. ನಿಮ್ಮ ಒಪಿಡಿಯಲ್ಲಿ ಹತ್ತಕ್ಕೆ ಒಬ್ಬರು, ಇಬ್ಬರು ಬರುತ್ತಿಲ್ಲ ಅಂದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅವರು ಯಾರು, ಅವರಿಗೆ ಏನಾಯಿತು ಅನ್ನುವುದು ಗೊತ್ತಿಲ್ಲದಿದ್ದರೆ ಮಾತ್ರ ಚಿಂತೆ ಮಾಡಬೇಕು.

ಹೆಜ್ಜೆ 1: ವೈದ್ಯರು ಏಳುವ ಮೊದಲು ಬಾರದವರ ಪಟ್ಟಿ ನೋಡಲಿ

ಇದನ್ನು ಇವತ್ತೇ ಶುರು ಮಾಡಬಹುದು. ಸಾಫ್ಟ್‌ವೇರ್ ಬೇಡ, ಸಮಿತಿ ಬೇಡ. ಕೊನೆಯ ರೋಗಿ ಹೋದ ಮೇಲೆ ಬಾರದವರ ಫೈಲುಗಳು ವೈದ್ಯರ ಮೇಜಿಗೆ ಬರಬೇಕು. ಪ್ರತಿಯೊಂದಕ್ಕೂ ಮುಂದೇನು ಅನ್ನುವ ಒಂದು ನಿರ್ಧಾರ ಬರೆದು ಅವರು ಎದ್ದು ಹೋಗಬೇಕು. ಹೆಚ್ಚಿನ ಫೈಲುಗಳಿಗೆ ಅರ್ಧ ನಿಮಿಷ ಸಾಕು.

ಫೈಲು ವೈದ್ಯರ ಹತ್ತಿರ ಹೋಗುವ ಮೊದಲು ರಿಸೆಪ್ಷನ್‌ನವರು ಕೆಲವು ವಿಷಯ ಪರೀಕ್ಷಿಸಬೇಕು. ರೋಗಿ ನಮ್ಮದೇ ಆಸ್ಪತ್ರೆಯ ವಾರ್ಡಿನಲ್ಲಿ ದಾಖಲಾಗಿದ್ದಾರಾ? ಬಂದು ಬೇರೆ ಕೌಂಟರ್ ಮುಂದೆ ಕೂತಿದ್ದಾರಾ? ದಿನಾಂಕ ಬದಲಾಯಿಸಿದ್ದು ನಾವೇನಾ? ಕಾಗದ ಅಥವಾ ಮೆಸೇಜ್ ನಿಜವಾಗಿ ಹೋಗಿತ್ತಾ? ರೋಗಿ ತೀರಿಕೊಂಡಿದ್ದಾರೆ ಅನ್ನುವ ಮಾಹಿತಿ ದಾಖಲೆಯಲ್ಲಿದೆಯಾ? ನಿನ್ನೆ ರಾತ್ರಿ ಎದೆನೋವಿನಿಂದ ತುರ್ತು ವಿಭಾಗಕ್ಕೆ ಬಂದು ಮೂರನೇ ಮಹಡಿಯಲ್ಲಿ ಮಲಗಿರುವವರ ಮನೆಗೆ ‘ನೀವು ಬರಲಿಲ್ಲ’ ಅನ್ನುವ ಕಾಗದ ಹೋಗಬಾರದು. ತೀರಿಕೊಂಡವರ ಮನೆಗೆ ಅದು ಹೋದರಂತೂ ಆ ಮನೆಯವರು ಜೀವನಪೂರ್ತಿ ಮರೆಯುವುದಿಲ್ಲ.

ಇನ್ನು ವೈದ್ಯರ ನಿರ್ಧಾರ. ಅವರ ಮುಂದೆ ಇರುವುದು ಮೂರು ದಾರಿ.

ಮೊದಲನೆಯದು, ಇವತ್ತೇ ಫೋನ್ ಮಾಡಬೇಕಾದವರು. ಕ್ಯಾನ್ಸರ್ ಇರಬಹುದೆಂಬ ಅನುಮಾನದ ಮೇಲೆ ರೆಫರ್ ಆದವರು, ಪರೀಕ್ಷೆಯ ಫಲಿತಾಂಶ ಸರಿಯಿಲ್ಲದವರು, ಗರ್ಭಿಣಿಯರು, ಮಕ್ಕಳು, ತಮಗೆ ತಾವೇ ಹಾನಿ ಮಾಡಿಕೊಳ್ಳುವ ಅಪಾಯವಿರುವ ಮಾನಸಿಕ ಕಾಯಿಲೆಯವರು, ಶಸ್ತ್ರಚಿಕಿತ್ಸೆಯ ನಂತರದ ಮೊದಲ ತಪಾಸಣೆಗೆ ಬರಬೇಕಿದ್ದವರು ಈ ಗುಂಪಿನವರು. ರಕ್ತ ತೆಳುಮಾಡುವ ಔಷಧಿ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಇಂಥವುಗಳ ಮೇಲೆ ನಿಗಾ ಬೇಕಾದವರನ್ನೂ ಇಲ್ಲೇ ಸೇರಿಸಿ. ನಿಮ್ಮ ವಿಭಾಗಕ್ಕೆ ತಕ್ಕಂತೆ ಈ ಪಟ್ಟಿ ಬದಲಾಗುತ್ತದೆ. ಒಂದು ಹಾಳೆಯಲ್ಲಿ ಅದನ್ನು ಬರೆದು ಕೌಂಟರ್‌ನಲ್ಲಿ ಅಂಟಿಸಿ. ಹೊಸದಾಗಿ ಕೆಲಸಕ್ಕೆ ಬಂದವರಿಗೂ ಯಾವ ಹೆಸರನ್ನು ಕಡೆಗಣಿಸಬಾರದು ಅನ್ನುವುದು ಮೊದಲ ದಿನವೇ ಗೊತ್ತಾಗಬೇಕು.

ಎರಡನೆಯದು, ಇನ್ನೊಂದು ದಿನಾಂಕ ಕೊಡಬೇಕಾದವರು. ಇಲ್ಲಿ ಸುಮ್ನೆ ಮುಂದಿನ ಖಾಲಿ ದಿನಾಂಕ ಹಾಕಿಬಿಟ್ಟರೆ ಅದೂ ತಪ್ಪಿಹೋಗುವ ಸಾಧ್ಯತೆ ಜಾಸ್ತಿ. ಹಿಂದೆ ಒಮ್ಮೆ ಬಾರದಿದ್ದವರು ಮತ್ತೆ ಬಾರದಿರುವ ಸಂಭವ ಹೆಚ್ಚು ಅನ್ನುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ವಿಷಯ. ಅವರ ಜೊತೆ ಮಾತಾಡಿ, ಅವರಿಗೆ ಆಗುವ ದಿನ ಕೇಳಿ, ಆಮೇಲೆ ಬುಕ್ ಮಾಡಿ.

ಮೂರನೆಯದು, ಕಳಿಸಿದ ವೈದ್ಯರಿಗೇ ವಾಪಸ್ ಕಳಿಸುವುದು. ‘ಎರಡು ಸಲ ಬಾರದಿದ್ದರೆ ಪಟ್ಟಿಯಿಂದ ತೆಗೆಯಿರಿ’ ಅನ್ನುವ ನಿಯಮ ಕೆಲವು ಕಡೆ ಇರುತ್ತದೆ. ನಿಯಮ ಇರಲಿ, ಅದು ತಾನಾಗಿಯೇ ಜಾರಿಯಾಗಬಾರದು. ಪ್ರತಿ ಸಲವೂ ಒಬ್ಬ ವೈದ್ಯರು ಫೈಲು ನೋಡಿ, ಇವರನ್ನು ಬಿಟ್ಟರೆ ಅಪಾಯವಿಲ್ಲ ಅಂತ ತಮ್ಮ ಹೆಸರು ಹಾಕಿ ಬರೆಯಬೇಕು. ಕಾಗದ ಇಬ್ಬರಿಗೂ ಹೋಗಬೇಕು, ರೋಗಿಗೂ ಕಳಿಸಿದ ವೈದ್ಯರಿಗೂ. ಯಾವ ಲಕ್ಷಣ ಕಂಡರೆ ತಡಮಾಡದೆ ಬರಬೇಕು, ಮತ್ತೆ ಬರಲು ಯಾರನ್ನು ಕೇಳಬೇಕು ಅನ್ನುವುದು ಅದರಲ್ಲಿ ಇರಬೇಕು. ‘ನೀವು ಹಾಜರಾಗಲು ವಿಫಲರಾಗಿದ್ದೀರಿ’ ಅನ್ನುವ ಧಾಟಿಯ ಸಾಲುಗಳನ್ನು ದಯವಿಟ್ಟು ತೆಗೆದುಹಾಕಿ. ‘ನಿಮ್ಮನ್ನು ನೋಡಲು ಆಗಲಿಲ್ಲ’ ಅಂದರೂ ವಿಷಯ ಮುಟ್ಟುತ್ತದೆ, ಅಲ್ವಾ?

ಏನೇ ಮಾಡಿದರೂ ಫೈಲಿನಲ್ಲಿ ಬರೆಯಿರಿ: ಎಷ್ಟು ಹೊತ್ತಿಗೆ ಫೋನ್ ಮಾಡಿದಿರಿ, ಯಾರು ಎತ್ತಿದರು, ಏನು ಹೇಳಿದರು, ಮುಂದಿನ ಪ್ರಯತ್ನ ಯಾವಾಗ, ಅದು ಯಾರ ಜವಾಬ್ದಾರಿ. ‘ಸಂಪರ್ಕಿಸಲು ಪ್ರಯತ್ನಿಸಲಾಗಿದೆ’ ಅಂತ ಮಾತ್ರ ಇದ್ದರೆ ನಾಳೆ ಬರುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಮಕ್ಕಳ ವಿಷಯ ಬೇರೆ

ಐದು ವರ್ಷದ ಮಗು ತಾನಾಗಿ ಅಪಾಯಿಂಟ್‌ಮೆಂಟ್ ತಪ್ಪಿಸಿಕೊಳ್ಳುವುದಿಲ್ಲ. ಅದನ್ನು ಯಾರೋ ಕರೆತರಬೇಕಿತ್ತು, ಕರೆತರಲಿಲ್ಲ. ಬ್ರಿಟನ್ನಿನ ಹಲವು ಆಸ್ಪತ್ರೆಗಳಲ್ಲಿ ಮಕ್ಕಳ ದಾಖಲೆಯಲ್ಲಿ ‘ಬಂದಿಲ್ಲ’ ಅನ್ನುವ ಬದಲು ‘ಕರೆತಂದಿಲ್ಲ’ ಅಂತ ಬರೆಯುವ ರೂಢಿ ಬಂದಿದೆ. ಹಾಗೆ ಬರೆದಾಗ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ: ಮನೆಯಲ್ಲಿ ಏನಾಗಿದೆ? ತಾಯಿಗೆ ಹುಷಾರಿಲ್ಲವಾ, ಇನ್ನೊಂದು ಮಗುವನ್ನು ನೋಡಿಕೊಳ್ಳುವವರು ಇಲ್ಲವಾ, ಅಥವಾ ಮಗುವಿನ ಆರೈಕೆಯೇ ಸರಿಯಾಗಿ ಆಗುತ್ತಿಲ್ಲವಾ?

ಹೆಚ್ಚಿನ ಸಲ ಉತ್ತರ ಸಾಮಾನ್ಯದ್ದೇ ಇರುತ್ತದೆ. ಆದರೆ ಒಂದೇ ಮಗು ಕಣ್ಣಿನ ವಿಭಾಗ, ಹಲ್ಲಿನ ವಿಭಾಗ, ಮಕ್ಕಳ ವಿಭಾಗ ಮೂರರಲ್ಲೂ ತಪ್ಪಿಸಿಕೊಂಡಿದ್ದರೆ ಅದು ಬೇರೆ ಬೇರೆ ಫೈಲಿನಲ್ಲಿ ಕಾಣುವುದಿಲ್ಲ. ಹಾಗಾಗಿ ಮಗುವಿನ ಎಲ್ಲ ವಿಭಾಗಗಳ ದಾಖಲೆಯನ್ನೂ ಒಮ್ಮೆ ತೆಗೆದು ನೋಡಿ. ಅನುಮಾನ ಬಂದರೆ ಮಕ್ಕಳ ರಕ್ಷಣೆಗೆ ನಿಮ್ಮಲ್ಲಿರುವ ವ್ಯವಸ್ಥೆಗೆ ತಿಳಿಸಿ. ಮಗುವನ್ನು ಪಟ್ಟಿಯಿಂದ ತೆಗೆದು ಕೈತೊಳೆದುಕೊಳ್ಳುವಂತಿಲ್ಲ. ಮರೆವಿನ ಕಾಯಿಲೆ ಇರುವ ಹಿರಿಯರು, ಬುದ್ಧಿಬೆಳವಣಿಗೆಯ ತೊಂದರೆ ಇರುವವರು, ಹೀಗೆ ಬೇರೆಯವರ ನೆರವಿಲ್ಲದೆ ಬರಲಾಗದ ಎಲ್ಲರಿಗೂ ಇದೇ ರೀತಿ.

ಹೆಜ್ಜೆ 2: ಬಾರದವರನ್ನೇ ಕೇಳಿ

ಸಿಬ್ಬಂದಿಯನ್ನು ಕೇಳಿದರೆ ‘ಜನಕ್ಕೆ ಜವಾಬ್ದಾರಿ ಇಲ್ಲ’ ಅನ್ನುವ ಉತ್ತರ ಬರುತ್ತದೆ. ರೋಗಿಗಳನ್ನು ಕೇಳಿದರೆ ಬೇರೆಯೇ ಕಾಣುತ್ತದೆ. ಎರಡು ವಾರ ಬಾರದವರಿಗೆಲ್ಲ ಫೋನ್ ಮಾಡಿಸಿ. ಮಾತಿನ ಧಾಟಿ ಮುಖ್ಯ. ‘ಯಾಕೆ ಬರಲಿಲ್ಲ?’ ಅಂತ ಶುರು ಮಾಡಿದರೆ ಆ ಕಡೆಯವರು ನೆಪ ಹುಡುಕುತ್ತಾರೆ. ಮೊದಲು ಸರಿಯಾದ ವ್ಯಕ್ತಿಯೇ ಮಾತಾಡುತ್ತಿದ್ದಾರೆ ಅಂತ ಖಚಿತಪಡಿಸಿಕೊಳ್ಳಿ. ಆಮೇಲೆ ಹೀಗೆ ಕೇಳಬಹುದು:

‘ನಮಸ್ಕಾರ, ಆಸ್ಪತ್ರೆಯಿಂದ ಮಾತಾಡ್ತಾ ಇದ್ದೀನಿ. ಇವತ್ತು ಡಾಕ್ಟರು ನಿಮ್ಮನ್ನ ನೋಡಬೇಕಿತ್ತು. ಆರಾಮಾಗಿದ್ದೀರಾ? ಬರೋದಕ್ಕೆ ಏನಾದ್ರೂ ತೊಂದರೆ ಆಯ್ತಾ?’

ಸಿಗುವ ಉತ್ತರಗಳನ್ನು ರೋಗಿ ಹೇಳಿದ ಮಾತಿನಲ್ಲೇ ಬರೆದಿಡಿ, ಆಮೇಲೆ ಗುಂಪು ಮಾಡಿ. ಮರೆತುಹೋಯಿತು ಅನ್ನುವವರು ಇರುತ್ತಾರೆ. ಕಾಗದವೇ ಬರಲಿಲ್ಲ, ವಿಳಾಸ ಬದಲಾಗಿದೆ ಅನ್ನುವವರು ಇರುತ್ತಾರೆ. ಬರಲಾಗುವುದಿಲ್ಲ ಅಂತ ಹೇಳಲು ಫೋನ್ ಮಾಡಿ ಮಾಡಿ ಸಾಕಾಯಿತು, ಯಾರೂ ಎತ್ತಲಿಲ್ಲ ಅನ್ನುವವರು ಇರುತ್ತಾರೆ. ವಾಸಿಯಾಯಿತು, ಇನ್ನು ಯಾಕೆ ಅಂದುಕೊಂಡವರು, ಕಾಯಿಲೆ ಜಾಸ್ತಿಯಾಗಿ ಎದ್ದು ಬರಲಾಗದವರು, ಕೆಲಸಕ್ಕೆ ರಜೆ ಸಿಗದವರು, ಜೊತೆಗೆ ಬರಲು ಯಾರೂ ಇಲ್ಲದವರು, ಪ್ರಯಾಣಕ್ಕೆ ದುಡ್ಡಿಲ್ಲದವರು ಎಲ್ಲರೂ ಒಂದೇ ಪಟ್ಟಿಯಲ್ಲಿ ‘ಬಂದಿಲ್ಲ’ ಆಗಿರುತ್ತಾರೆ.

ಇನ್ನೊಂದು ಕಾರಣವನ್ನು ಜನ ಸುಲಭವಾಗಿ ಹೇಳುವುದಿಲ್ಲ. ಅದು ಭಯ. ಬಯಾಪ್ಸಿ ಫಲಿತಾಂಶ ಕೇಳುವ ಭಯ, ನೋವಿನ ಪರೀಕ್ಷೆಯ ಭಯ, ‘ತೂಕ ಇಳಿಸಿಲ್ಲ, ಮಾತ್ರೆ ಸರಿಯಾಗಿ ತಗೊಂಡಿಲ್ಲ’ ಅಂತ ಬೈಸಿಕೊಳ್ಳುವ ಭಯ. ‘ಈ ಭೇಟಿ ಬಗ್ಗೆ ಏನಾದ್ರೂ ಯೋಚನೆ ಇತ್ತಾ?’ ಅಂತ ಮೆಲ್ಲಗೆ ಕೇಳಿದರೆ ಕೆಲವರು ಬಾಯಿಬಿಡುತ್ತಾರೆ. ಭಯದಿಂದ ಬಾರದವರಿಗೆ ಎಷ್ಟು ಮೆಸೇಜ್ ಕಳಿಸಿದರೂ ಪ್ರಯೋಜನವಿಲ್ಲ. ಒಬ್ಬ ನರ್ಸ್ ಐದು ನಿಮಿಷ ಮಾತಾಡಿ, ಅವತ್ತು ಏನೇನು ನಡೆಯುತ್ತದೆ ಅಂತ ಹೇಳಿದರೆ ಪ್ರಯೋಜನವಿದೆ.

ಹೆಜ್ಜೆ 3: ಲೆಕ್ಕ ಸರಿಯಾಗಿ ಇಡಿ

ಎಲ್ಲವನ್ನೂ ‘ಬಂದಿಲ್ಲ’ ಅನ್ನುವ ಒಂದೇ ಗುಂಡಿ ಒತ್ತಿ ಮುಗಿಸಬೇಡಿ. ಏನೂ ತಿಳಿಸದೆ ಬಾರದವರು, ಕೊನೆ ಗಳಿಗೆಯಲ್ಲಿ ರದ್ದು ಮಾಡಿದವರು, ಆಸ್ಪತ್ರೆಯೇ ರದ್ದು ಮಾಡಿದ್ದು, ತಡವಾಗಿ ಬಂದು ವಾಪಸ್ ಹೋದವರು, ಬಂದು ಕಾದು ಕಾದು ನೋಡಿಸಿಕೊಳ್ಳದೆ ಹೊರಟವರು ಇವೆಲ್ಲ ಬೇರೆ ಬೇರೆ. ಕೊನೆಯ ಎರಡು ಗುಂಪಿನವರು ಆಸ್ಪತ್ರೆಯ ಬಾಗಿಲಿಗೆ ಬಂದಿದ್ದರು. ಅವರನ್ನು ಬಾರದವರ ಜೊತೆ ಸೇರಿಸುವುದು ಅನ್ಯಾಯ.

ಪ್ರಮಾಣ ಲೆಕ್ಕ ಹಾಕುವುದು ಸುಲಭ. ತಿಳಿಸದೆ ಬಾರದವರನ್ನು, ಬಂದವರು ಮತ್ತು ಬಾರದವರ ಒಟ್ಟು ಮೊತ್ತದಿಂದ ಭಾಗಿಸಿ. ಆದರೆ ಇಡೀ ಆಸ್ಪತ್ರೆಗೆ ಒಂದು ಸರಾಸರಿ ಅಂಕಿ ಇಟ್ಟುಕೊಂಡು ಕೂತರೆ ಏನೂ ತಿಳಿಯುವುದಿಲ್ಲ. ವಿಭಾಗವಾರು ಬಿಡಿಸಿ. ಹೊಸ ರೋಗಿ, ಫಾಲೋಅಪ್ ರೋಗಿ ಬೇರೆ ಮಾಡಿ. ಬುಕ್ ಮಾಡಿದ ದಿನದಿಂದ ಭೇಟಿಯ ದಿನದವರೆಗೆ ಎಷ್ಟು ದಿನ ಅಂತರವಿತ್ತು ಅನ್ನುವುದನ್ನು ತಪ್ಪದೆ ನೋಡಿ. ಆ ಒಂದು ಕಾಲಂ ಎಷ್ಟೋ ಸಲ ಬೇರೆ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ.

ಹೆಜ್ಜೆ 4: ಬರಲಾಗದು ಅಂತ ಹೇಳುವ ದಾರಿ ತೆರೆಯಿರಿ

ಒಂದು ಪರೀಕ್ಷೆ ಮಾಡಿ. ವಾರದ ಮೊದಲ ದಿನ, ಬೆಳಿಗ್ಗೆ, ರೋಗಿಯಂತೆ ನಿಮ್ಮದೇ ಅಪಾಯಿಂಟ್‌ಮೆಂಟ್ ನಂಬರಿಗೆ ಫೋನ್ ಮಾಡಿ. ಎಷ್ಟು ಹೊತ್ತಿಗೆ ಮನುಷ್ಯರು ಸಿಕ್ಕರು? ಎಷ್ಟು ಕಡೆ ಲೈನ್ ವರ್ಗಾಯಿಸಿದರು? ಕೆಲಸದ ಸಮಯ ಮುಗಿದ ಮೇಲೆ ಮಾಡಿದರೆ ಏನಾಗುತ್ತದೆ? ರದ್ದು ಮಾಡುವುದು ಸುಮ್ಮನೆ ಬಾರದಿರುವುದಕ್ಕಿಂತ ಕಷ್ಟವಾಗಿದ್ದರೆ ಜನ ಸುಲಭದ್ದನ್ನೇ ಮಾಡುತ್ತಾರೆ.

ಮೆಸೇಜ್‌ಗೆ ಉತ್ತರಿಸಿ ರದ್ದು ಮಾಡುವ ಸೌಲಭ್ಯ ಕೊಡಿ. ಹಗಲು ರಾತ್ರಿ ಧ್ವನಿ ಸಂದೇಶ ಬಿಡಬಹುದಾದ ಒಂದು ನಂಬರ್ ಇಡಿ. ಬಂದ ಉತ್ತರಗಳನ್ನು ದಿನಕ್ಕೆ ಎರಡು ಸಲವಾದರೂ ನೋಡಿ ಸ್ಲಾಟ್ ಬಿಡಿಸುವುದು ಯಾರ ಕೆಲಸ ಅಂತ ಹೆಸರಿಟ್ಟು ನಿಗದಿ ಮಾಡಿ. ರೋಗಿ ‘ಬರಲ್ಲ’ ಅಂತ ಉತ್ತರ ಕಳಿಸಿದ್ದರೂ ಅದನ್ನು ಯಾರೂ ಓದದೆ, ಕೊನೆಗೆ ಅವರ ಹೆಸರಿನ ಮುಂದೆ ‘ಬಂದಿಲ್ಲ’ ಅಂತ ಬಿದ್ದರೆ ಮುಂದಿನ ಸಲ ಅವರು ಉತ್ತರವನ್ನೇ ಕಳಿಸುವುದಿಲ್ಲ.

ಬಿಟ್ಟುಕೊಟ್ಟ ಸಮಯಕ್ಕೆ ಬರಲು ಬೇರೆಯವರು ಸಿದ್ಧರಿರಬೇಕಲ್ಲ? ಅದಕ್ಕೆ, ಬುಕ್ ಮಾಡುವಾಗಲೇ ‘ಬೇಗ ಸಮಯ ಸಿಕ್ಕರೆ ಒಂದು ದಿನದ ಮುನ್ಸೂಚನೆಯಲ್ಲಿ ಬರ್ತೀರಾ?’ ಅಂತ ಕೇಳಿ, ಹೌದು ಅಂದವರ ಪಟ್ಟಿ ಇಟ್ಟುಕೊಳ್ಳಿ.

ಹೆಜ್ಜೆ 5: ನೆನಪಿಸುವುದು, ಆದರೆ ಸರಿಯಾಗಿ

ನೆನಪಿಸಿದರೆ ಜನ ಬರುತ್ತಾರೆ ಅನ್ನುವುದಕ್ಕೆ ಪುರಾವೆ ಚೆನ್ನಾಗಿದೆ. ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯ 2013ರ ವಿಮರ್ಶೆ 8 ಪ್ರಯೋಗಗಳನ್ನು, 6,600ಕ್ಕೂ ಹೆಚ್ಚು ಜನರನ್ನು ಒಟ್ಟಿಗೆ ನೋಡಿತು. ನೆನಪಿಸದಿದ್ದಾಗ ಬಂದವರು ಶೇ. 67.8, ಮೊಬೈಲ್ ಮೆಸೇಜ್ ಕಳಿಸಿದಾಗ ಶೇ. 78.6, ಫೋನ್ ಮಾಡಿದಾಗ ಶೇ. 80.3. ಮೆಸೇಜ್ ಮತ್ತು ಫೋನ್ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಫೋನ್ ಮಾಡುವವರು ಯಾರು ಅನ್ನುವುದು ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಒಂದು ಒಪಿಡಿಯಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನೆನಪಿಸದ ಗುಂಪಿನಲ್ಲಿ ಬಾರದವರು ಶೇ. 23.1 ಇದ್ದರು. ಯಂತ್ರದ ಕರೆ ಹೋದ ಗುಂಪಿನಲ್ಲಿ ಅದು ಶೇ. 17.3, ಸಿಬ್ಬಂದಿಯೇ ಮಾತಾಡಿದ ಗುಂಪಿನಲ್ಲಿ ಶೇ. 13.6. ಎಲ್ಲರಿಗೂ ಸಿಬ್ಬಂದಿಯಿಂದ ಫೋನ್ ಮಾಡಿಸಲು ಆಗುವುದಿಲ್ಲ. ಎಲ್ಲರಿಗೂ ಮೆಸೇಜ್ ಹೋಗಲಿ. ಹಿಂದೆ ತಪ್ಪಿಸಿಕೊಂಡವರಿಗೆ ಮತ್ತು ತಪ್ಪಿದರೆ ಅಪಾಯವಿರುವವರಿಗೆ ಮನುಷ್ಯರೇ ಫೋನ್ ಮಾಡಲಿ.

ಎರಡು ಸಲ ನೆನಪಿಸಿದರೆ ಒಳ್ಳೆಯದು. ಒಂದು ವಾರ ಮೊದಲಿನದು ಬರಲಾಗದವರು ಸಮಯ ಬಿಟ್ಟುಕೊಡಲಿ ಅಂತ. ಒಂದೆರಡು ದಿನ ಮೊದಲಿನದು ಬರುವವರು ಮರೆಯದಿರಲಿ ಅಂತ. ಮೆಸೇಜ್ ಹೀಗಿರಬಹುದು:

‘ನಮಸ್ಕಾರ. ನಿಮ್ಮ ಆಸ್ಪತ್ರೆ ಭೇಟಿ ಮಾರ್ಚ್ 12, ಗುರುವಾರ, ಬೆಳಿಗ್ಗೆ 10:20ಕ್ಕೆ, 2ನೇ ಮಹಡಿ, ಕೌಂಟರ್ 4ರಲ್ಲಿದೆ. ಬರುತ್ತೀರಾದರೆ 1, ಬೇರೆ ದಿನ ಬೇಕಿದ್ದರೆ 2, ಬರಲಾಗದಿದ್ದರೆ 3 ಎಂದು ಉತ್ತರಿಸಿ. ಮೊದಲೇ ತಿಳಿಸಿದರೆ ಈ ಸಮಯ ಇನ್ನೊಬ್ಬ ರೋಗಿಗೆ ಸಿಗುತ್ತದೆ.’

ವಾರದ ಹೆಸರು ಬರೆಯುವುದನ್ನು ಮರೆಯಬೇಡಿ. ಎಷ್ಟೋ ಜನರಿಗೆ ದಿನಾಂಕಕ್ಕಿಂತ ವಾರ ನೆನಪಿರುತ್ತದೆ. ಗಮನಿಸಿ, ಮೇಲಿನ ಮೆಸೇಜಿನಲ್ಲಿ ವಿಭಾಗದ ಹೆಸರಿಲ್ಲ. ಒಂದೇ ಮೊಬೈಲನ್ನು ಮನೆಮಂದಿಯೆಲ್ಲ ಬಳಸುವುದುಂಟು. ಎಚ್‌ಐವಿ, ಮಾನಸಿಕ ಆರೋಗ್ಯ, ಗರ್ಭಪಾತ, ಲೈಂಗಿಕ ಆರೋಗ್ಯ ಇಂಥ ವಿಭಾಗದ ಹೆಸರು ಪರದೆಯ ಮೇಲೆ ಕಂಡರೆ ರೋಗಿಗೆ ಮನೆಯಲ್ಲೇ ತೊಂದರೆಯಾಗಬಹುದು. ಯಾವ ನಂಬರಿಗೆ ಕಳಿಸಬೇಕು, ಧ್ವನಿ ಸಂದೇಶ ಬಿಡಬಹುದೇ ಅಂತ ಮೊದಲ ಭೇಟಿಯಲ್ಲೇ ಕೇಳಿ ಬರೆದುಕೊಳ್ಳಿ.

ಪದಗಳ ಆಯ್ಕೆಯಿಂದಲೂ ಫಲಿತಾಂಶ ಬದಲಾಗುತ್ತದೆ. ಲಂಡನ್ನಿನ ಬಾರ್ಟ್ಸ್ ಆಸ್ಪತ್ರೆಗಳ ಸಮೂಹದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎಂದಿನ ಮೆಸೇಜ್ ಪಡೆದವರ ಪೈಕಿ ಶೇ. 11.1 ಮಂದಿ ಬರಲಿಲ್ಲ. ಬಾರದಿದ್ದರೆ ಆಸ್ಪತ್ರೆಗೆ ಸುಮಾರು 160 ಪೌಂಡ್ ಖರ್ಚು ಬೀಳುತ್ತದೆ ಅನ್ನುವ ಸಾಲು ಸೇರಿಸಿದಾಗ ಅದು ಶೇ. 8.4ಕ್ಕೆ ಇಳಿಯಿತು. ಒಂದೇ ಸಾಲಿಗೆ ಇಷ್ಟು ಇಳಿಕೆ ಅಂದರೆ ದೊಡ್ಡದೇ. ಆದರೂ ಕ್ಯಾನ್ಸರ್ ವಿಭಾಗಕ್ಕೆ, ಮಾನಸಿಕ ಆರೋಗ್ಯ ವಿಭಾಗಕ್ಕೆ ನಾನು ಆ ಸಾಲು ಬಳಸಲಾರೆ. ಮೊದಲೇ ಕುಗ್ಗಿರುವವರಿಗೆ ‘ನಿಮ್ಮಿಂದ ನಷ್ಟ’ ಅನ್ನುವ ಮಾತು ಬೇಡ. ಸಮಯ ಇನ್ನೊಬ್ಬರಿಗೆ ಸಿಗುತ್ತದೆ ಅನ್ನುವ ಸಾಲಿನಲ್ಲಿ ಆ ಭಾರವಿಲ್ಲ.

ಇದರ ಜೊತೆಗೆ ಖರ್ಚೇ ಇಲ್ಲದ ಒಂದು ಕ್ರಮವಿದೆ. ಮುಂದಿನ ದಿನಾಂಕವನ್ನು ಸಿಬ್ಬಂದಿ ಬರೆದುಕೊಡುವ ಬದಲು ರೋಗಿಯ ಕೈಯಲ್ಲೇ ಕಾರ್ಡಿನ ಮೇಲೆ ಬರೆಸಿ. 2012ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ವರದಿಯ ಪ್ರಕಾರ, ಸಾಮಾನ್ಯ ವೈದ್ಯರ ಕ್ಲಿನಿಕ್‌ಗಳಲ್ಲಿ ಹೀಗೆ ಮಾಡಿದಾಗ ಬಾರದವರ ಸಂಖ್ಯೆ ಶೇ. 18ರಷ್ಟು ಇಳಿದಿತ್ತು. ಓದುಬರಹ ಬಾರದವರು, ಕಣ್ಣು ಕಾಣದವರು ಇರುತ್ತಾರೆ, ಅವರಿಗೆ ಮುಜುಗರವಾಗದಂತೆ ನೋಡಿಕೊಳ್ಳಿ. ಅಂಥವರಿಗೆ ಫೋನ್ ಕರೆಯೇ ಸರಿ. ಕಿವಿ ಕೇಳದವರಿಗೆ ಮೆಸೇಜೇ ಆಗಬೇಕು. ಮತ್ತೆ, ಪ್ರತಿ ಭೇಟಿಯಲ್ಲೂ ‘ನಂಬರ್ ಇದೇನಾ?’ ಅಂತ ಓದಿ ಹೇಳಿ ಖಚಿತಪಡಿಸಿಕೊಳ್ಳಿ. ನಂಬರ್ ಹಳೆಯದಾದರೆ ಈ ಇಡೀ ಹೆಜ್ಜೆ ವ್ಯರ್ಥ.

ಹೆಜ್ಜೆ 6: ಬಹಳ ದೂರದ ದಿನಾಂಕ ಕೊಡಬೇಡಿ

ನಾಳೆಯ ಅಪಾಯಿಂಟ್‌ಮೆಂಟ್ ಯಾರೂ ಸುಲಭವಾಗಿ ಮರೆಯುವುದಿಲ್ಲ. ಆರು ತಿಂಗಳ ನಂತರದ್ದು? ಅಷ್ಟರಲ್ಲಿ ಕೆಲಸ ಬದಲಾಗಿರುತ್ತದೆ, ಮನೆ ಬದಲಾಗಿರುತ್ತದೆ, ನೋವು ಹೋಗಿರುತ್ತದೆ ಅಥವಾ ತಡೆಯಲಾರದೆ ಬೇರೆ ಕಡೆ ತೋರಿಸಿಕೊಂಡಿರುತ್ತಾರೆ. ಅಂತರ ಹೆಚ್ಚಿದಷ್ಟೂ ಬಾರದವರು ಹೆಚ್ಚು. ಆಗಲೇ ಹೇಳಿದ 2018ರ ವಿಮರ್ಶೆಯಲ್ಲೂ ಎದ್ದು ಕಂಡ ಕಾರಣಗಳಲ್ಲಿ ಇದು ಒಂದು.

1990ರ ದಶಕದಲ್ಲಿ ಅಮೆರಿಕದಲ್ಲಿ ಮಾರ್ಕ್ ಮರ್ರೆ ಮತ್ತು ಕ್ಯಾಥರೀನ್ ಟಾಂಟೌ ಎಂಬುವರು ‘ಇವತ್ತಿನ ಕೆಲಸ ಇವತ್ತೇ’ ಅನ್ನುವ ರೀತಿಯ ಬುಕಿಂಗ್ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ದಿನದ ಹೆಚ್ಚಿನ ಸ್ಲಾಟುಗಳನ್ನು ಅವತ್ತು ಕೇಳುವವರಿಗೇ ಖಾಲಿ ಇಡುವುದು ಅದರ ತಿರುಳು. ತಜ್ಞರ ಒಪಿಡಿಗೆ ಅದನ್ನು ಪೂರ್ತಿಯಾಗಿ ತರುವುದು ಕಷ್ಟ. ಆದರೆ ಒಂದು ಭಾಗವನ್ನು ತರಬಹುದು. ಆರು ತಿಂಗಳ ಫಾಲೋಅಪ್‌ಗೆ ಈಗಲೇ ದಿನಾಂಕ ಕೊಡಬೇಡಿ. ಒಂದು ಕರೆಯುವ ಪಟ್ಟಿ ಮಾಡಿ, ನಾಲ್ಕರಿಂದ ಆರು ವಾರ ಮೊದಲು ರೋಗಿಯನ್ನು ಸಂಪರ್ಕಿಸಿ, ಅವರೊಡನೆ ಮಾತಾಡಿಯೇ ದಿನ ಗೊತ್ತುಮಾಡಿ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಕರೆಯುವ ಪಟ್ಟಿಯಿಂದ ಹೆಸರು ಬಿದ್ದುಹೋದರೆ ರೋಗಿಗೆ ಅದು ಗೊತ್ತೇ ಆಗುವುದಿಲ್ಲ. ಗ್ಲಾಕೋಮಾದಂಥ ಕಾಯಿಲೆಯಲ್ಲಿ ದೃಷ್ಟಿ ಸದ್ದಿಲ್ಲದೆ ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಅದಕ್ಕೇ ಪಟ್ಟಿಯ ಪ್ರತಿ ಹೆಸರಿಗೂ ‘ಇಷ್ಟರೊಳಗೆ ನೋಡಲೇಬೇಕು’ ಅನ್ನುವ ದಿನಾಂಕ ಇರಬೇಕು. ದಾಟಿಹೋದ ಹೆಸರುಗಳನ್ನು ವಾರಕ್ಕೊಮ್ಮೆ ತೆಗೆದು ನೋಡುವ ಒಬ್ಬರು ಇರಬೇಕು. ರೋಗಿಯ ಕೈಗೂ ‘ಈ ತಿಂಗಳೊಳಗೆ ನಮ್ಮಿಂದ ಫೋನ್ ಬಾರದಿದ್ದರೆ ನೀವೇ ಕೇಳಿ’ ಅನ್ನುವ ಚೀಟಿ ಕೊಡಿ.

ಕೆಲವು ಫಾಲೋಅಪ್‌ಗಳು ಅಗತ್ಯವೇ ಇರುವುದಿಲ್ಲ. ಎಲ್ಲ ಸರಿಯಾಗಿರುವವರಿಗೆ, ಅಪಾಯ ಕಡಿಮೆ ಇರುವವರಿಗೆ, ‘ಈ ಲಕ್ಷಣ ಕಂಡರೆ ಬನ್ನಿ, ನೇರವಾಗಿ ಸಮಯ ಕೊಡುತ್ತೇವೆ’ ಅಂತ ಹೇಳಿ ಕಳಿಸಬಹುದು. ಫಲಿತಾಂಶ ತಿಳಿಸುವುದಷ್ಟೇ ಇದ್ದರೆ ಫೋನಿನಲ್ಲಿ ಆಗುತ್ತದೆ. ಭೇಟಿಯ ಸಮಯ ದಾಟಿ ಹತ್ತು ಹದಿನೈದು ನಿಮಿಷವಾದರೂ ರೋಗಿ ಬಂದಿಲ್ಲವೇ? ಆಗಲೇ ಫೋನ್ ಮಾಡಿ, ಮೈಮುಟ್ಟಿ ನೋಡುವ ಅಗತ್ಯವಿಲ್ಲದಿದ್ದರೆ ಮಾತಲ್ಲೇ ತಪಾಸಣೆ ಮುಗಿಸಬಹುದು. ಆ ಸಮಯವೂ ವ್ಯರ್ಥವಾಗಲಿಲ್ಲ, ರೋಗಿಯೂ ಕೈತಪ್ಪಲಿಲ್ಲ.

ಹೆಜ್ಜೆ 7: ಹೆಚ್ಚುವರಿ ಬುಕಿಂಗ್ ಮಾಡುವುದಾದರೆ ಲೆಕ್ಕ ಹಾಕಿ ಮಾಡಿ

‘20 ಸ್ಲಾಟಿಗೆ ಸರಾಸರಿ 3 ಜನ ಬರಲ್ಲ, ಹಾಗಾದ್ರೆ 23 ಜನರನ್ನ ಹಾಕೋಣ’ ಅನ್ನುವುದು ಸಾಮಾನ್ಯ ಯೋಚನೆ. ಸರಾಸರಿ ಅನ್ನುವುದು ಪ್ರತಿದಿನ ನಡೆಯುವುದಿಲ್ಲ. ಒಬ್ಬೊಬ್ಬರೂ ಬಾರದಿರುವ ಸಂಭವ ಶೇ. 15 ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ, 23 ಜನರನ್ನು ಬುಕ್ ಮಾಡಿದಾಗ ಸುಮಾರು ಹತ್ತರಲ್ಲಿ ಮೂರು ದಿನ 20ಕ್ಕಿಂತ ಹೆಚ್ಚು ಜನ ಬಂದೇ ಬರುತ್ತಾರೆ. 22 ಬುಕ್ ಮಾಡಿದರೆ ಹಾಗಾಗುವುದು ನೂರರಲ್ಲಿ ಸುಮಾರು 14 ದಿನ. 21 ಮಾಡಿದರೆ ಬರೀ 3 ದಿನ. ಹಾಗಾಗಿ ಒಂದಿಬ್ಬರನ್ನು ಸೇರಿಸಿ, ಅಲ್ಲಿಗೆ ನಿಲ್ಲಿಸಿ. ಆತುರದಲ್ಲಿ ನೋಡಿಸಿಕೊಂಡು ಬೇಸತ್ತ ರೋಗಿ ಮುಂದಿನ ಸಲ ಬಾರದವರ ಪಟ್ಟಿ ಸೇರುತ್ತಾರೆ.

ಹೆಚ್ಚುವರಿ ಹೆಸರುಗಳನ್ನು ಕೊನೆಗೆ ಗುಡ್ಡೆ ಹಾಕಬೇಡಿ. ನಾರ್ಮನ್ ಬೈಲಿ ಎಂಬ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ 1952ರಲ್ಲೇ ಹೊರರೋಗಿ ವಿಭಾಗದ ಸಾಲುಗಳನ್ನು ಅಧ್ಯಯನ ಮಾಡಿ ಒಂದು ಸರಳ ಕ್ರಮ ಸೂಚಿಸಿದ್ದರು. ಶುರುವಿಗೆ ಇಬ್ಬರನ್ನು ಕರೆಯಿರಿ, ಆಮೇಲೆ ಸರಾಸರಿ ತಪಾಸಣೆ ಸಮಯದ ಅಂತರದಲ್ಲಿ ಒಬ್ಬೊಬ್ಬರನ್ನು ಕರೆಯಿರಿ. ಮೊದಲನೆಯವರು ಬಾರದಿದ್ದರೂ ವೈದ್ಯರು ಕೈಕಟ್ಟಿ ಕೂರುವುದಿಲ್ಲ, ಬಂದವರೂ ಬಹಳ ಕಾಯುವುದಿಲ್ಲ. ಇಷ್ಟು ವರ್ಷಗಳಾದರೂ ಆ ಕ್ರಮ ಬಳಸಲು ಯೋಗ್ಯವಾಗಿದೆ.

ಯಾರು ಬಾರದಿರಬಹುದು ಅಂತ ಊಹಿಸುವ ಸಾಫ್ಟ್‌ವೇರ್‌ಗಳು ಈಗ ಬಂದಿವೆ. ಅವು ಹೆಸರಿಸಿದವರ ಸ್ಲಾಟಿನಲ್ಲಿ ಇನ್ನೊಬ್ಬರನ್ನು ಹಾಕುವುದಕ್ಕೆ ಬಳಸಬೇಡಿ. ಹಾಗೆ ಮಾಡಿದಾಗ ಕಪ್ಪು ಜನಾಂಗದ ರೋಗಿಗಳೇ ಹೆಚ್ಚು ಕಾಯಬೇಕಾಗುತ್ತದೆ ಅಂತ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಕಾರಣ ಸ್ಪಷ್ಟ: ಬರಲು ಹೆಚ್ಚು ಅಡ್ಡಿ ಇರುವವರನ್ನೇ ಆ ಸಾಫ್ಟ್‌ವೇರ್ ಗುರುತಿಸುತ್ತದೆ. ಆ ಹೆಸರುಗಳಿಗೆ ಫೋನ್ ಮಾಡಿ, ‘ಬರೋದಕ್ಕೆ ಏನು ಬೇಕು?’ ಅಂತ ಕೇಳಲು ಅದನ್ನು ಬಳಸಿ.

ದಂಡ ಹಾಕಿದರೆ?

ಈ ಪ್ರಶ್ನೆ ಎಲ್ಲ ಸಭೆಯಲ್ಲೂ ಬರುತ್ತದೆ. ಡೆನ್ಮಾರ್ಕಿನ ಒಂದು ಮೂಳೆ ವಿಭಾಗದಲ್ಲಿ ಬಾರದವರಿಗೆ 250 ಕ್ರೋನರ್ ದಂಡದ ಪ್ರಯೋಗ ನಡೆಯಿತು. ದಂಡವಿದ್ದ ಗುಂಪಿಗೂ ಇಲ್ಲದ ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸವೇ ಕಾಣಲಿಲ್ಲ.

ದಂಡ ಯಾರ ಮೇಲೆ ಬೀಳುತ್ತದೆ ಅನ್ನುವುದನ್ನೂ ನೋಡಬೇಕು. ಸ್ಕಾಟ್ಲೆಂಡಿನ 5 ಲಕ್ಷಕ್ಕೂ ಹೆಚ್ಚು ಜನರ ಸಾಮಾನ್ಯ ವೈದ್ಯರ ಭೇಟಿಗಳ ದಾಖಲೆ ನೋಡಿದ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ದೀರ್ಘಕಾಲದ ಕಾಯಿಲೆಗಳು ಹೆಚ್ಚಿದ್ದಷ್ಟೂ ಭೇಟಿ ತಪ್ಪಿಸಿಕೊಳ್ಳುವುದು ಹೆಚ್ಚಿತ್ತು. ದೀರ್ಘಕಾಲದ ಮಾನಸಿಕ ಕಾಯಿಲೆ ಇದ್ದು, ವರ್ಷಕ್ಕೆ ಎರಡಕ್ಕಿಂತ ಹೆಚ್ಚು ಭೇಟಿ ತಪ್ಪಿಸಿಕೊಂಡವರಲ್ಲಿ ಸಾವಿನ ಅಪಾಯ, ಒಂದೂ ತಪ್ಪಿಸಿಕೊಳ್ಳದವರಿಗಿಂತ ಎಂಟು ಪಟ್ಟಿಗೂ ಹೆಚ್ಚು. ಮತ್ತೆ ಮತ್ತೆ ಬಾರದವರು ಅಂದರೆ ಬಹಳ ಸಲ ಹೆಚ್ಚು ಕಾಯಿಲೆಯವರು. ಅವರ ಮತ್ತು ಆಸ್ಪತ್ರೆಯ ನಡುವೆ ದಂಡದ ಚೀಟಿ ಇಡುವುದನ್ನು ನಾನು ಒಪ್ಪಲಾರೆ.

ಶುರು ಎಲ್ಲಿಂದ?

ಇಡೀ ಆಸ್ಪತ್ರೆಗೆ ಒಂದೇ ಸಲ ತರಬೇಡಿ. ಬಾರದವರು ಹೆಚ್ಚಿರುವ, ಆದರೆ ಕೆಲಸ ಮಾಡಲು ಉತ್ಸಾಹವಿರುವ ಒಂದು ವಿಭಾಗ ಆರಿಸಿ. ಮೊದಲ ಹೆಜ್ಜೆ, ಅಂದರೆ ಬಾರದವರ ಪಟ್ಟಿ ನೋಡುವುದು, ಎಲ್ಲ ವಿಭಾಗಕ್ಕೂ ಇವತ್ತಿನಿಂದಲೇ ಅನ್ವಯವಾಗಲಿ. ಉಳಿದದ್ದನ್ನು ಆರಿಸಿದ ವಿಭಾಗದಲ್ಲಿ ಒಂದೊಂದಾಗಿ ಮಾಡಿ, ಎರಡು ಮೂರು ತಿಂಗಳು ಅಂಕಿ ನೋಡಿ. ಒಂದು ವಾರದ ಏರಿಳಿತ ನೋಡಿ ಗೆದ್ದೆವು, ಸೋತೆವು ಅಂತ ತೀರ್ಮಾನಿಸಬೇಡಿ. ಹಬ್ಬ, ರಜೆ, ಮಳೆ ಯಾವುದರಿಂದಲಾದರೂ ಅದು ಬದಲಾಗಬಹುದು.

ಬಾರದವರ ಪ್ರಮಾಣದ ಪಕ್ಕದಲ್ಲೇ ಇನ್ನೂ ಮೂರು ಅಂಕಿ ಇಡಿ: ರೋಗಿಗಳು ಕಾಯುವ ಸಮಯ, ಸಿಬ್ಬಂದಿ ಸಮಯ ಮೀರಿ ದುಡಿದದ್ದು, ಪಟ್ಟಿಯಿಂದ ತೆಗೆದವರಲ್ಲಿ ಎಷ್ಟು ಮಂದಿ ಮುಂದಿನ ತಿಂಗಳುಗಳಲ್ಲಿ ತುರ್ತು ವಿಭಾಗಕ್ಕೆ ಬಂದರು ಅನ್ನುವುದು. ಬಾರದವರ ಪ್ರಮಾಣ ಇಳಿದು ಈ ಮೂರನೆಯ ಅಂಕಿ ಏರುತ್ತಿದ್ದರೆ, ರೋಗಿಗಳನ್ನು ಪಟ್ಟಿಯಿಂದ ಕೈಬಿಟ್ಟು ಅಂಕಿ ಇಳಿಸಿದ್ದೀರಿ ಅಂತ ಅರ್ಥ. ಆಗ ತೆಗೆದುಹಾಕುವ ನಿಯಮವನ್ನು ತಕ್ಷಣ ನಿಲ್ಲಿಸಿ, ಹಾಗೆ ತೆಗೆದವರ ಫೈಲುಗಳನ್ನೆಲ್ಲ ವೈದ್ಯರ ಮುಂದೆ ಮತ್ತೆ ತನ್ನಿ.